ಅಡುಗೆಮನೆ ಬಾಗಿಲ ಚಿಲಕ

ಹಲೋ... ಯಾರು ಮಾತಾಡೋದು? ಗಾಳಿ ಸದ್ದು ಬಿಟ್ಟು ಏನೂ ಕೇಳಿಸ್ತಿಲ್ಲ... ಹಾಂ, ಸ್ಕಿಪ್ಪರ್ ಹೆಡ್ಲಿ! ನಾನೇ, ಕೊರಿನ್. ಹೇಳಿ, ನಾಳೆ ದೋಣಿ ಎಷ್ಟೊತ್ತಿಗೆ ಹೊರಡೋದು?

...

ಬರಬೇಡ ಅಂದ್ರೆ? ನಾಳೆ ಬರಬೇಡ್ವಾ, ಯಾವತ್ತೂ ಬರಬೇಡ್ವಾ?

...

ಅಲ್ಲ, ವಾರಪೂರ್ತಿ ನಿಮ್ಮ ಏಡಿ ಬೋನುಗಳಿಗೆ ಹಗ್ಗ ಕಟ್ಟಿದ್ದು ಯಾರು? ಬೆರಳು ಬಾತುಕೊಂಡು ಮಗಳಿಗೆ ಜಡೆ ಹಾಕೋಕೂ ಆಗ್ತಿಲ್ಲ. ಈ ಕೊಲ್ಲೀಲಿ ಇನ್ಯಾರು ನನ್ನನ್ನ ದೋಣಿ ಹತ್ತಿಸ್ಕೋತಾರೆ? ವಾಪಸ್ ಸೇಂಟ್ ಜಾನ್ಸ್ ಪಟ್ಟಣಕ್ಕೆ ಹೋಗ್ಲಾ, ಆ ಗಂಡನ ಹತ್ರಕ್ಕೆ?

...

ನಿಮ್ಮಮ್ಮನಿಗೆ ನಾನೇನು ಮಾಡಿದೆ? ಮೆಲ್ವೀನಾ ಅಜ್ಜೀನ ನಾನಿವತ್ತು ನೋಡೇ ಇಲ್ಲ!

...

ಬಿಸಿ ಬ್ರೆಡ್ಡು ತಂದಿದ್ರಾ? ನಮ್ಮನೆಗಾ? ...ಮತ್ತೆ ಬಾಗಿಲು ತಟ್ಟಬೇಕಿತ್ತು, ಅಲ್ವಾ?

...

ನಗಬೇಡಿ. ಇಲ್ಲಿ ತಟ್ಟೋದು ಪೊಲೀಸರು, ಪಾದ್ರಿ ಮಾತ್ರ, ಉಳಿದವರೆಲ್ಲ ಸೀದಾ ಒಳಗೆ ಬರ್ತಾರೆ ಅಂತ ನನಗೆ ಹೇಗೆ ಗೊತ್ತಾಗಬೇಕು? ಯಾರಾದ್ರೂ ಹೇಳಿದ್ರಾ? ನನ್ನ ಗುಲಾಬಿ ಬೂಟು ನೋಡಿ ನಗೋಕೆ ಎಲ್ಲರಿಗೂ ಪುರುಸೊತ್ತಿದೆ, ಇದೊಂದು ಮಾತು ಹೇಳೋಕಿಲ್ಲ!

...

ಹೌದು, ಚಿಲಕ ಹಾಕಿದ್ದೆ. ಹಗಲೂ ಹಾಕ್ತೀನಿ.

...

ನಿಮ್ಮನ್ನ ನಂಬದವಳು ಸಮುದ್ರದ ಮೇಲೆ ನಿಮ್ಮ ಹಗ್ಗ ಹೇಗೆ ಹಿಡೀತಾಳೆ ಅಂತೀರಾ? ಕಳ್ಳರು ಅಂದ್ಕೊಂಡಿಲ್ಲ ಮಾರಾಯ್ರೇ! ...ನನ್ನ ಗಂಡನೂ ತಟ್ಟದೇ ಬರ್ತಿದ್ದ, ಸ್ಕಿಪ್ಪರ್. ನಾವು ಬೇರೆ ಮನೆ ಮಾಡಿದ ಮೇಲೂ. ಬಾಗಿಲ ಹಿಡಿ ತಿರುಗಿದ್ರೆ ಸಾಕು, ನನ್ನ ಮಗಳು ಡೆಲ್ಲಾ ಮೇಜಿನ ಕೆಳಗೆ ಹೋಗಿ ಕೂರ್ತಾಳೆ. ಇವತ್ತು ಮಧ್ಯಾಹ್ನ ಹಿಡಿ ತಿರುಗಿದಾಗ ನಾನೂ ಅವಳ ಪಕ್ಕ ಕೂತಿದ್ದೆ, ಉಸಿರು ಬಿಗಿಹಿಡಿದು. ಆಚೆ ನಿಮ್ಮಮ್ಮ ಬ್ರೆಡ್ಡು ಹಿಡ್ಕೊಂಡು ನಿಂತಿದ್ರು ಅಂತ ಈಗ ಹೇಳ್ತಿದ್ದೀರಿ.

...

ಅಜ್ಜಿಗೆ ಫೋನ್ ಕೊಡಿ, ನಾನೇ ಹೇಳ್ತೀನಿ.

...

ಏನು, ಅಜ್ಜಿ ಆಗ್ಲೇ ಹೊರಟ್ರಾ? ಈ ಹಿಮದಲ್ಲಿ? ಬೈಯೋಕೋ, ಬ್ರೆಡ್ಡು ಕೊಡೋಕೋ?

...

ಎರಡಕ್ಕೂ. ಸರಿ.

...

ಬನ್ನಿ ಅಂತ ಕೂಗಲೂ ಬಾರದಾ? ಸುಮ್ನೆ ಕೂತಿರಬೇಕಾ? ಏನು ಊರಪ್ಪಾ ಇದು! ...ಇರಿ, ಚಿಲಕ ತೆಗೀತಿದ್ದೀನಿ. ತೆಗೆದೆ. ಕೇಳಿಸ್ತಾ? ಈಗಲಾದ್ರೂ ಬಾಯಿಬಿಟ್ಟು ಹೇಳಿ, ನಾಳೆ ಬರ್ಲಾ, ಬೇಡ್ವಾ?

...

ಒಂದ್ನಿಮಿಷ... ಹಿಡಿ ತಿರುಗ್ತಿದೆ. ಡೆಲ್ಲಾ, ಬಾರೇ ಆಚೆ. ಅಪ್ಪ ಅಲ್ಲ ಕಣೇ, ಅಜ್ಜಿ. ಮೂಗಿಗೆ ಬ್ರೆಡ್ಡಿನ ವಾಸನೆ ಬರ್ತಿಲ್ವಾ? ಬಾ, ನನ್ನ ಕೈ ಹಿಡ್ಕೋ...

...

ಹಾಂ, ಸ್ಕಿಪ್ಪರ್, ಏನಂದ್ರಿ? ಬೆಳಗಿನ ಜಾವ ನಾಲ್ಕಕ್ಕಾ? ಆ ಗುಲಾಬಿ ಬೂಟು ಮಾತ್ರ ಬೇಡ್ವಾ? ಬೇರೆ ಬೂಟು ಈಗ ಎಲ್ಲಿಂದ ತರ್ಲಿ ನಾನು... ಹಲೋ? ಸ್ಕಿಪ್ಪರ್? ...ಹಲೋ...