ದಕ್ಷಿಣಕ್ಕೆ ಮುಖ ಮಾಡಿ ಕೂತವನು

ಪೂಜ್ಯ ಸ್ವಾಮೀಜಿಯವರ ಪಾದಗಳಿಗೆ ಶರಣು. ಅಧ್ಯಕ್ಷಸ್ಥಾನದಲ್ಲಿರುವ ಹಿರಿಯರೇ, ವೇದಿಕೆಯ ಗಣ್ಯರೇ, ಇಂದು ಸನ್ಮಾನಗೊಳ್ಳುತ್ತಿರುವ ನಮ್ಮ ಕುಪ್ಪೇಲೂರಿನ ಮಗಳು, ಹಿಮಾಲಯದ ಗಡಿ ಜಿಲ್ಲೆಯೊಂದರ ಜಿಲ್ಲಾಧಿಕಾರಿ ನಿರ್ಮಲಾ ಅವರೇ, ಈ ಸೆಕೆಯಲ್ಲೂ ಕದಲದೆ ಕುಳಿತ ರಾಣೇಬೆನ್ನೂರಿನ ಮಹಾಸಭಿಕರೇ!

ಈ ಅಜ್ಜಪ್ಪ ಮಾಸ್ತರನಿಗೆ ಮೈಕು ಬೇಕೇ? ಬೇಡ! ಮೂವತ್ತು ವರ್ಷ ನಾಟಕದಲ್ಲಿ ಶಿವನಾಗಿ ಗುಡುಗಿದ ಗಂಟಲಿದು. ಬೆನ್ನ ಹಿಂದೆ ಪರದೆಯಲ್ಲಿ ಕೈಲಾಸ, ಮೈತುಂಬ ಬೆವರು! ಹಿಮವೆಂದರೆ ನನಗೆ ಬಿಳಿ ಬಣ್ಣ ಬಳಿದ ಬಟ್ಟೆ, ಅಷ್ಟೇ.

ಖರೇ ಹಿಮದ ಜಿಲ್ಲೆ ಎಂಥದ್ದು? ವಿಸ್ತಾರದಲ್ಲಿ ನಮ್ಮ ಹಾವೇರಿಗಿಂತ ದೊಡ್ಡದು; ಜನ ಈ ರಾಣೇಬೆನ್ನೂರು ಪೇಟೆಯಷ್ಟೂ ಇಲ್ಲ. ಉತ್ತರಕ್ಕೆ ಪರದೇಶದ ಗಡಿ. ಹೊರಬರಲು ಒಂದೇ ದಾರಿ, ಅದೂ ಐದು ತಿಂಗಳು ಹಿಮದಡಿ. ಮತಯಂತ್ರ ಕತ್ತೆಯ ಮೇಲೆ, ರೇಶನ್ ಅಕ್ಕಿ ಕತ್ತೆಯ ಮೇಲೆ. ಸಾಹೇಬರು ಮಾತ್ರ ನಡೆದುಕೊಂಡು!

ಅಲ್ಲಿ ರಸ್ತೆ ಕಡಿಯಲು ಜೆಸಿಬಿ ನಡೆಸುತ್ತಿದ್ದವನು ನನ್ನ ತಮ್ಮ ವೀರೇಂದ್ರ. ಹೋದ ಡಿಸೆಂಬರಿನಲ್ಲಿ ಹಿಮ ಕುಸಿಯಿತು. ನನಗೆ ಫೋನು ಬಂತು.

"ಮಾಸ್ತರ್ರ, ನಾನು ಜಯವ್ವನ ಮಗಳು ನಿರ್ಮಲಾ. ನಿಮ್ಮ ತಮ್ಮ ಹೋಗಿಬಿಟ್ಟಾನ್ರಿ. ದಾರಿ ಮುಚ್ಚೇತಿ, ಹೆಲಿಕಾಪ್ಟರ್ ಬರವಲ್ದು. ಇಲ್ಲೆ ಎಲ್ಲಾರೂ ಸುಡ್ತಾರ. ನಾ ನಮ್ಮ ಪದ್ಧತಿಯಂಗ ಕುಂದರ್ಸಿ ಮಣ್ಣು ಮಾಡಸ್ತೇನಿ. ಹೆಂಗಂತ ನೀವು ಹೇಳ್ರಿ."

ನೆಲ ಕಲ್ಲಾಗಿತ್ತು. ಎರಡು ದಿನ ಬೆಂಕಿ ಉರಿಸಿ, ಮೆತ್ತಗಾದಷ್ಟು ಮಣ್ಣನ್ನು ತಹಶೀಲ್ದಾರರೂ ಪೊಲೀಸರೂ ಅಗೆದರು. ಬಿಲ್ವಪತ್ರೆ? ಆ ಎತ್ತರದಲ್ಲಿ ಬೆಳೆಯುವುದಿಲ್ಲ. ವಿಭೂತಿ? ಜಯವ್ವ ಮಗಳ ಟ್ರಂಕಿನಲ್ಲಿ ಇಟ್ಟುಕೊಟ್ಟಿದ್ದ ಒಂದೇ ಗಟ್ಟಿ. ಅದನ್ನೂ ನಿರ್ಮಲಾ ಕೊಟ್ಟಳು. ನಾನಿಲ್ಲಿ ಹೇಳುತ್ತ ಹೋದೆ, ಆಕೆ ಅಲ್ಲಿ ಮಾಡಿಸುತ್ತ ಹೋದಳು. ಕಡೆಗೆ ಕೇಳಿದಳು:

"ಮುಖ ಯಾ ಕಡೆ ಮಾಡೂಣ್ರಿ?"

"ದಕ್ಷಿಣಕ್ಕವ್ವಾ."

"ಉತ್ತರಕ್ಕಲ್ಲೇನ್ರಿ, ಮಾಸ್ತರ್ರ?"

"ದಕ್ಷಿಣಕ್ಕ."

 "ಆತ್ರಿ" ಅಂದಳು.

ಸ್ವಾಮೀಜಿ, ನಮ್ಮೂರ ಪದ್ಧತಿ ಉತ್ತರಕ್ಕೆ. ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು! ನೂರು ಮಂದಿಯ ಮಣ್ಣಿಗೆ ಮುಂದೆ ನಿಂತವನು ನಾನು. ಆದರೆ ಉತ್ತರಕ್ಕೆ ಏನಿತ್ತು? ಗಡಿ. ಗಡಿಯಾಚೆ ಏನಿತ್ತು? ಮತ್ತೆ ಗುಡ್ಡ. ನಮ್ಮೂರು ಇರುವುದು ದಕ್ಷಿಣಕ್ಕೆ.

ಇಗೋ, ಮುಂದಿನ ಸಾಲಿನಲ್ಲಿ ನಮ್ಮವ್ವ ಗದಿಗೆವ್ವ ಕುಳಿತಿದ್ದಾಳೆ. ಅಂದಿನಿಂದ ದಿನಾ ಮುಂಜಾನೆ ಕಟ್ಟೆಯ ಮೇಲೆ ಉತ್ತರಕ್ಕೆ ತಿರುಗಿ ಕೂಡುತ್ತಾಳೆ. ಯಾಕ ಬೇ ಎಂದರೆ, "ನಾನೂ ಅಂವಾ ಎದುರಾಬದುರು ಕುಂತೇವಿ, ನೀ ಅಡ್ಡ ಬರಬ್ಯಾಡ" ಅನ್ನುತ್ತಾಳೆ.

ಈಗ ದಾರಿ ತೆರೆದಿದೆ. ಹೋಗಿ ಸರಿಪಡಿಸಿ ಬರಬೇಕೆಂದು ನಮ್ಮ ಹಿರಿಯರು ಮಾತಾಡಿಕೊಳ್ಳುತ್ತಿದ್ದಾರೆ. ತಪ್ಪು ಈ ಅಧಿಕಾರಿಯದಲ್ಲ, ನನ್ನದು. ದಂಡನೆ ನನಗಿರಲಿ. ಅವನನ್ನು ಮಾತ್ರ ತಿರುಗಿಸಬೇಡಿರಿ.

ತಂಗಿ ನಿರ್ಮಲಾ, ನಿನ್ನ ಕೊರಳಿಗೆ ಹಾರವನ್ನು ನಮ್ಮವ್ವ ಹಾಕುತ್ತಾಳೆ. ಇಷ್ಟು ಹೊತ್ತು ಕೇಳಿದ ನಿಮ್ಮೆಲ್ಲರಿಗೂ ಈ ಮಾಸ್ತರನ ಶರಣು, ನಮಸ್ಕಾರ.