ಮೂವತ್ತೆಂಟನೆಯ ಸಾವಿನ ನಗು

ಇದು ನಮ್ಮವರ ಚಿಕ್ಕಪ್ಪನ ಮಗನಿಗೇ ಆದದ್ದು. ತಾರೀಖು ಬರೆದಿಟ್ಟಿದ್ದೇನೆ... 1943, ಫೆಬ್ರವರಿ 12, ಶುಕ್ರವಾರ.

ರಾತ್ರಿ ಒಂದು ದಾಟಿತ್ತು. ನಮ್ಮವರು ಝಾಲ್, ಕ್ಯಾಮೆರಾ ಸಹಾಯಕ. ಆ ಚಿಕ್ಕಪ್ಪನ ಮಗ ಎದಲ್‌ಜಿಭಾಯಿ, ನಟ. ಇಬ್ಬರೂ ಸ್ಟುಡಿಯೋದಿಂದ ನಡೆದು ಬರುತ್ತಾ ಮುಂಬಯಿಯ ದಾದರಿನಲ್ಲಿ ನಮ್ಮ ಮನೆ ಹತ್ತಿರದ ಬಾವಿಯ ಬಳಿ ಬಂದರು. ನಾವು ಪಾರ್ಸಿಗಳು ದಿನಾ ಸಂಜೆ ಆ ಬಾವಿ ಕಾಯುವ ದೈವಕ್ಕೆ ದೀಪ ಇಡುತ್ತಿದ್ದೆವು. ಯುದ್ಧ ಬಂದ ಮೇಲೆ ರಾತ್ರಿ ಬೆಳಕು ಕಾಣಬಾರದೆಂದು ಆಜ್ಞೆ... ದೀಪವಿರಲಿಲ್ಲ.

ನಮ್ಮವರ ಬೂಟು ಟಕ್... ಟಕ್. ಎದಲ್‌ಜಿಭಾಯಿಯ ಚಪ್ಪಲಿ ಚರ್... ಚರ್.

ನಾಟಕ ಕಂಪನಿಯಲ್ಲಿ ರಂಗದ ಮೇಲೆ ಹಾಡಿ ಸಾಯುತ್ತಿದ್ದವರು ಎದಲ್‌ಜಿಭಾಯಿ. ಮಾತಿನ ಚಿತ್ರ ಬಂದ ಮೇಲೆ ಕೆಮ್ಮಿ ಸಾಯತೊಡಗಿದರು. ನಾಯಕಿಯ ಅಪ್ಪ, ಬಡ ಮೇಷ್ಟ್ರು, ಮುದಿ ನವಾಬ... ನನ್ನ ಲೆಕ್ಕದಲ್ಲಿ ಅಂದು ಸ್ಟುಡಿಯೋದಲ್ಲಿ ಸತ್ತದ್ದೂ ಸೇರಿ ಮೂವತ್ತೇಳು ಸಾವು. ಮುಂದಿನ ಚಿತ್ರದಲ್ಲಿ ಮೊದಲ ಸಲ ಕೊನೆಯವರೆಗೂ ಬದುಕುವ ಪಾತ್ರ ಸಿಕ್ಕಿತ್ತು. ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದರು.

ಸಿನಿಮಾದವರಲ್ಲಿ ಒಂದು ಪದ್ಧತಿ. ಸಾಯುವ ಪಾತ್ರ ಮಾಡಿದವನು ಕೂಡಲೇ ಎದ್ದು ಕ್ಯಾಮೆರಾ ಮುಂದೆ ನಗಬೇಕು. ಸತ್ತದ್ದು ಸುಳ್ಳೆಂದು ಸಾವಿಗೆ ಗೊತ್ತಾಗಬೇಕಂತೆ. ಅಂದು ಡೈರೆಕ್ಟರು, ಫಿಲ್ಮು ರೇಷನ್ನಿನಲ್ಲಿದೆ, ನಗುವಿಗೆಲ್ಲ ಹಾಳು ಮಾಡುವುದಿಲ್ಲ ಎಂದು ದೀಪ ಆರಿಸಿಬಿಟ್ಟರು.

ಎದಲ್‌ಜಿಭಾಯಿ ಪಿಸುಗುಟ್ಟಿದರು. "ಝಾಲ್... ಇವತ್ತು ನಾನು ನಗಲಿಲ್ಲ ಕಣೋ."

"ಮೂವತ್ತೇಳು ಸಲ ಸತ್ತವರಿಗೆ ಇದೊಂದು ಭಾರವಾಯ್ತಾ?"

"ನಿನ್ನ ಹತ್ರ ಉಳಿಕೆ ಫಿಲ್ಮು ಇದೆಯಲ್ಲ. ವಾಪಸ್ ಹೋಗೋಣ್ವಾ?"

"ಈಗ್ಲಾ? ನನ್ನವಳು ಬಾಗಿಲು ಹಾಕ್ಕೊಂಡುಬಿಡ್ತಾಳೆ. ನಾಳೆ ನಗಿ."

ನಾನೇನೂ ಬಾಗಿಲು ಹಾಕುವವಳಲ್ಲ...

ಬಾವಿ ದಾಟಿದರು. ಟಕ್... ಟಕ್. ಅಷ್ಟೇ. ಚರ್ ಎನ್ನುವ ಸದ್ದಿಲ್ಲ. ನಮ್ಮವರು ತಿರುಗಿ ನೋಡಿದರು. ಎದಲ್‌ಜಿಭಾಯಿ ಪಕ್ಕದಲ್ಲೇ ನಡೆಯುತ್ತಿದ್ದರು. ಕಾಲಲ್ಲಿ ಚಪ್ಪಲಿಯೂ ಇತ್ತು.

ಬೆಳಿಗ್ಗೆ ಆರಕ್ಕೇ ನಮ್ಮವರು ಕೆಲಸಕ್ಕೆ ಹೋದರು. ಏಳೂ ಹತ್ತಕ್ಕೆ ನಾನು ಎದಲ್‌ಜಿಭಾಯಿಯ ಕೋಣೆಗೆ ಚಹಾ ಒಯ್ದೆ. ಒಂಟಿ ಜೀವ ಅದು. ಹಣೆ ಮುಟ್ಟಿದೆ... ತಣ್ಣಗಿತ್ತು. ಜೀವ ಹೋಗಿ ಮೂರು ಗಂಟೆಯಾದರೂ ಆಗಿದೆ ಎಂದರು ಡಾಕ್ಟರು.

ಹತ್ತು ಗಂಟೆಗೆ ನಾನೇ ಸ್ಟುಡಿಯೋಗೆ ಹೋಗಿ ಸುದ್ದಿ ಹೇಳಿದೆ. ನಮ್ಮವರು ನನ್ನ ಮುಖವನ್ನೇ ನೋಡಿದರು.

"ಒಂಬತ್ತಕ್ಕೆ ಬಂದಿದ್ದರಲ್ಲೇ... ಮಾತಾಡಲಿಲ್ಲ. ಆ ಮಂಚದ ಮೇಲೆ ಮಲಗಿ, ಎದ್ದು, ನಕ್ಕು ಹೋದರು. ನಾನೇ ತೆಗೆದೆ."

ದೀಪದ ಹುಡುಗರಿಬ್ಬರು ಹೌದೆಂದರು.

ಆ ತುಂಡು ಫಿಲ್ಮನ್ನು ತೊಳೆಸಿದೆವು. ಎಂಟು ಅಡಿ, ನೂರ ಇಪ್ಪತ್ತೆಂಟು ಚಿತ್ರ. ಈಗಲೂ ನನ್ನ ತಗಡಿನ ಡಬ್ಬಿಯಲ್ಲಿದೆ. ಅದರಲ್ಲಿ ಯಾರೂ ಇಲ್ಲ. ಬರೀ ಮಂಚ, ಬಿಳಿ ದಿಂಬು. ಭೂತಕನ್ನಡಿ ಹಿಡಿದು ಒಂದೊಂದಾಗಿ ಎಣಿಸಿದ್ದೇನೆ, ನಂಬಿದರೆ ನಂಬಿ. ಎಪ್ಪತ್ತನೆಯ ಚಿತ್ರದವರೆಗೂ ದಿಂಬು ತಲೆಯಿಟ್ಟಂತೆ ತಗ್ಗಿದೆ...

ಎಪ್ಪತ್ತೊಂದರಿಂದ ಉಬ್ಬಿದೆ.