ಎರಡು ಚೀಲ ಐಸ್

ಫೀನಿಕ್ಸ್‌ನಲ್ಲಿ ಮನೆಯ ಏಸಿ ಕೆಟ್ಟವರಿಗೆಂದು ಗ್ರಂಥಾಲಯದ ಒಂದು ಕೋಣೆಯನ್ನು ತಂಪಾಗಿಟ್ಟಿದ್ದರು. ಲೊರೇನ್ ಅಲ್ಲೇ ಕೂತು, ಮನೆಗೆ ಬಿಡುವ ಐದು ಗಂಟೆಯ ವ್ಯಾನಿಗೆ ಕಾಯುತ್ತಿದ್ದಳು. ಪಕ್ಕದಲ್ಲಿ ಒಬ್ಬ ಮುದುಕಿ, ಅವಳ ಮಗಳು.

"ನನ್ನ ಮೀನು ಬೆಳಿಗ್ಗೆ ನೀರಿನ ಮೇಲಕ್ಕೆ ಬಂದು ಬಾಯಿ ಬಡೀತಿದ್ವು," ಎಂದಳು ಮುದುಕಿ. "ನೀರು ಕಾದ್ರೆ ಅದ್ರಲ್ಲಿ ಉಸಿರಾಡೋಕೆ ಗಾಳಿ ಉಳಿಯಲ್ಲ. ಮನೆಗೆ ಕರ್ಕೊಂಡು ಹೋಗು."

"ಅಮ್ಮಾ, ಹೊರಗೆ ನೂರಾ ಹದಿನಾಲ್ಕು ಡಿಗ್ರಿ ಫ್ಯಾರನ್‌ಹೀಟ್. ವ್ಯಾನ್ ಬರ್ಲಿ."

"ತೊಟ್ಟಿ ಮುಚ್ಚಳ ತೆಗೆದು ಫ್ಯಾನ್ ಇಟ್ರೆ ಸಾಕು ಕಣೇ. ನಿಧಾನಕ್ಕೆ ತಣ್ಣಗಾಗುತ್ತೆ."

"ನಿಧಾನಕ್ಕೇ ಯಾಕೆ?"

"ಒಂದೇ ಸಲಕ್ಕೆ ತಣ್ಣಗಾದ್ರೆ ಅವುಗಳ ಮೈ ತಡ್ಕೊಳ್ಳಲ್ಲ. ಬೇಗ ಸಾಯ್ತವೆ."

ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. ಲೊರೇನ್‌ಗೆ ಎದ್ದು ಹೋಗಬೇಕೆನಿಸಿತು, ಹೋಗಲು ಬೇರೆ ಜಾಗವಿರಲಿಲ್ಲ.

"ಮರಿಸೆಲಾ, ಮಧ್ಯಾಹ್ನ ನೀನು ಮನೆಗೆ ಹೋಗಿದ್ಯಲ್ಲ. ಏನ್ ಮಾಡ್ದೆ?"

"ಐಸ್ ಹಾಕ್ದೆ."

"ಎಷ್ಟು?"

"ಎರಡು ಚೀಲ. ಪಾಪ, ತಂಪಾಗ್ಲಿ ಅಂತ."

"ಎಲ್ಲಾ ಹೋದ್ವಾ?"

"ಕರಿದೊಂದು ಇನ್ನೂ ಕಿವಿರು ಆಡಿಸ್ತಿತ್ತು. ನಿಂಗೆ ಹೇಳೋಕೆ ಬಾಯೇ ಬರ್ಲಿಲ್ಲ ಅಮ್ಮಾ."

ಮುದುಕಿ ಬೆಂಚಿನ ಅಂಚು ಹಿಡಿದು ಎದ್ದಳು.

"ಎಲ್ಲಿಗೆ? ನಡೆದ್ರೆ ಅರ್ಧ ದಾರೀಲೇ ಬಿದ್ದುಹೋಗ್ತೀಯ!"

"ಬರ್ತೀಯೋ, ಇಲ್ಲೇ ಕೂತು ಅಳ್ತೀಯೋ?"

ಅವಳು ಗಾಜಿನ ಬಾಗಿಲು ತಳ್ಳಿದಳು. ಬಿಸಿಗಾಳಿ ಲೊರೇನ್‌ಳ ಮುಖಕ್ಕೂ ಬಡಿಯಿತು. ಮರಿಸೆಲಾ ಛತ್ರಿ ಬಿಚ್ಚುತ್ತಲೇ ಓಡಿ, ತಾಯಿಯ ತಲೆಯ ಮೇಲೆ ಹಿಡಿದಳು.